ಭೀಮೆಯನ್ನು ಕಾಯುವ ಆಕಾಶದ ಕಣ್ಣು

ರಾಜ್ಯಗಳಿಗೆ ಗಡಿಗಳುಂಟು, ನದಿಗಳಿಗೆ ಇಲ್ಲ. ಪುಣೆ ಜಿಲ್ಲೆಯ ಭೀಮಾಶಂಕರದ ಅರಣ್ಯದಲ್ಲಿ ಉಗಮಿಸುವ ಭೀಮಾ ನದಿಯು ಸುಮಾರು 860 ಕಿಲೋಮೀಟರು ದೂರ ಪ್ರವಹಿಸಿ, ಪಂಢರಪುರದಲ್ಲಿ ಚಂದ್ರಭಾಗೆಯೆಂಬ ಹೆಸರಿನಿಂದ ವಿಠಲನ ಸನ್ನಿಧಿಯಲ್ಲಿ ಬಾಗಿ ಹರಿದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ನೆಲವನ್ನು ತೋಯಿಸಿ, ಕಟ್ಟಕಡೆಗೆ ರಾಯಚೂರಿನ ಸಮೀಪದಲ್ಲಿ ಕೃಷ್ಣೆಯನ್ನು ಸೇರುವುದು. ಪುಣೆ ನಗರದ ನಡುವೆ ಹರಿಯುವ ಮುಳಾ ಮತ್ತು ಮುಠಾ ನದಿಗಳು ಸಂಗಮ ಸೇತುವೆಯ ಬಳಿ ಒಂದಾಗಿ, ದೌಂಡಕ್ಕಿಂತ ಮೇಲ್ಗಡೆಯಲ್ಲಿ ಇದೇ ಭೀಮೆಯೊಡನೆ ಕೂಡುವುವು. ದೇಹು ಮತ್ತು ಆಳಂದಿಗಳ ಇಂದ್ರಾಯಣಿಯೂ ತುಳಾಪುರದಲ್ಲಿ ಅದನ್ನೇ ಸೇರುವುದು. ಹೀಗೆ ನೋಡಿದರೆ ಪುಣೆಯ ಬಚ್ಚಲಿನಿಂದ ಹೊರಬೀಳುವ ನೀರು ಕನ್ನಡನಾಡಿನ ಕಡೆಗೆ ಮುಖಮಾಡಿಯೇ ಹೊರಡುವುದೆನ್ನಬೇಕು.

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಮಾತು ಬರಿಯ ಭೂಗೋಳದ ಪಾಠವಲ್ಲ. ಕರಾವಳಿಯಿಂದ ಬಂದು ಹೋಟೆಲು ನಡೆಸಿದವರು, ಧಾರವಾಡ ಬೆಳಗಾವಿಗಳ ಕಡೆಯಿಂದ ಬಂದು ಕಚೇರಿ ಮತ್ತು ಶಾಲೆಗಳಲ್ಲಿ ದುಡಿದವರು, ಇತ್ತೀಚೆಗೆ ಗಣಕಯಂತ್ರದ ಉದ್ಯೋಗಕ್ಕಾಗಿ ಬಂದ ತರುಣರು, ಇವರೆಲ್ಲರ ಜೊತೆಗೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಹಳ್ಳಿಗಳಿಂದ ಗುಳೆ ಎದ್ದು ಬಂದು ಇಲ್ಲಿನ ಬಹುಮಹಡಿ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತ ಸಹಸ್ರಾರು ಕೂಲಿಕಾರರೂ ನಮ್ಮವರೇ. ಈ ನಗರವನ್ನು ಕಟ್ಟುವ ಕೈಗಳಲ್ಲಿ ಎಷ್ಟೋ ಕೈಗಳು ಭೀಮಾತೀರದವು. ಈ ನಗರವು ಬಳಸಿ ಬಿಟ್ಟ ನೀರು ತಲುಪುವುದೂ ಆ ತೀರಕ್ಕೇ. ಆದುದರಿಂದ ಭೀಮೆಯ ಮೇಲ್ಗಡೆಯಲ್ಲಿ ಏನು ನಡೆಯುತ್ತಿರುವುದೆಂಬುದನ್ನು ಅರಿಯುವುದು ಎರಡು ದಡಗಳ ಋಣವನ್ನೂ ಹೊತ್ತಿರುವ ನಮಗೆ ಕರ್ತವ್ಯವೇ ಆಗಿರುವುದು.

ಇದನ್ನು ಅರಿಯಲು ಇಂದು ನಮ್ಮ ಬಳಿ ಒಂದು ಹೊಸ ಸಾಧನವುಂಟು. ಅದು ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರುಗಳ ಎತ್ತರದಲ್ಲಿ ಭೂಮಿಯನ್ನು ಪ್ರದಕ್ಷಿಣೆ ಮಾಡುತ್ತಿರುವ ಉಪಗ್ರಹಗಳ ಕಣ್ಣು. ಅರಣ್ಯ ಕರಗುವುದು, ಕೆರೆ ಬತ್ತುವುದು, ನಗರ ಹಬ್ಬುವುದು, ಗುಡ್ಡ ಕುಸಿಯುವುದು, ಹೊಳೆಯ ಮೈಮೇಲೆ ಕಳೆ ಹರಡುವುದು, ಇವೆಲ್ಲವೂ ಆ ಕಣ್ಣಿಗೆ ಬೀಳುವುವು. ಆ ಕಣ್ಣು ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು, ಅದು ಕಂಡದ್ದು ಸತ್ಯವಾಗಬೇಕಾದರೆ ನೆಲದ ಮೇಲಿರುವ ಮನುಷ್ಯನು ಏನು ಮಾಡಬೇಕು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪುಣೆಯ ನಂಟು

ಆಕಾಶವನ್ನು ನೋಡುವ ಕೆಲಸ ಪುಣೆಗೆ ಹೊಸದಲ್ಲ. ಭಾರತೀಯ ಹವಾಮಾನ ಇಲಾಖೆಯ ಪ್ರಧಾನ ಕಚೇರಿಯು 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದಿತು. ಮುಂದೆ ಪ್ರಧಾನ ಕಚೇರಿ ದೆಹಲಿಗೆ ಹೋದರೂ ಹಳೆಯ ಹೆಸರು ಜನರ ಬಾಯಲ್ಲಿ ಉಳಿದುಕೊಂಡಿತು. ಶಿವಾಜಿನಗರದ ಸಮೀಪದಲ್ಲಿರುವ ಆ ಸ್ಥಳವನ್ನು ಪುಣೆಯ ಜನ ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುವರು. 1962ರಲ್ಲಿ ಉಷ್ಣವಲಯದ ಹವಾಮಾನ ವಿಜ್ಞಾನದ ಸಂಶೋಧನಾ ಸಂಸ್ಥೆಯೂ ಪುಣೆಯಲ್ಲಿ ಸ್ಥಾಪಿತವಾಯಿತು. ಅದರ ಪ್ರಥಮ ನಿರ್ದೇಶಕರಾಗಿದ್ದವರು ಪಿ. ಆರ್. ಪಿಷಾರೋಟಿ. ಕೇರಳದಲ್ಲಿ 1909ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆಯ ಶಿಕ್ಷಣ ಪಡೆದ ಈ ವಿಜ್ಞಾನಿಯನ್ನು ಭಾರತದ ದೂರಸಂವೇದನೆಯ ಜನಕರೆಂದು ಗೌರವಿಸುವುದುಂಟು.

ದೂರಸಂವೇದನೆಯೆಂದರೆ ವಸ್ತುವನ್ನು ಮುಟ್ಟದೆ, ಅದರಿಂದ ಹೊರಟು ಬರುವ ಕಿರಣಗಳಿಂದಲೇ ಅದರ ಸ್ಥಿತಿಯನ್ನು ಅರಿಯುವ ವಿದ್ಯೆ. ಪಿಷಾರೋಟಿಯವರು 1970ರ ಸುಮಾರಿಗೆ ನಡೆಸಿದ ಪ್ರಯೋಗ ಸರಳವಾದುದು, ಆದರೆ ಯುಗಪ್ರವರ್ತಕವಾದುದು. ಕೇರಳದ ತೆಂಗಿನ ತೋಟಗಳಿಗೆ ಬೇರುರೋಗ ತಗುಲಿದ್ದಿತು. ಹೆಲಿಕಾಪ್ಟರಿನಲ್ಲಿ ಕುಳಿತು, ಅವಕೆಂಪು ಕಿರಣಗಳನ್ನು ಗ್ರಹಿಸುವ ವಿಶೇಷ ಫಿಲ್ಮಿನಿಂದ ಆ ತೋಟಗಳ ಚಿತ್ರ ತೆಗೆಯಲಾಯಿತು. ಬರಿಗಣ್ಣಿಗೆ ಹಸಿರಾಗಿಯೇ ಕಾಣುವ ಮರಗಳಲ್ಲಿ ಯಾವುದು ಆರೋಗ್ಯವಂತ, ಯಾವುದು ರೋಗಗ್ರಸ್ತ ಎಂಬ ಭೇದ ಚಿತ್ರದಲ್ಲಿ ಸ್ಪಷ್ಟವಾಗಿ ತೋರಿತು. ಮರದ ನಾಡಿಯನ್ನು ಆಕಾಶದಿಂದ ಹಿಡಿದು ನೋಡಬಹುದೆಂಬ ಭರವಸೆ ಭಾರತಕ್ಕೆ ಬಂದುದು ಅಂದು. ಪಿಷಾರೋಟಿಯವರು 2002ರಲ್ಲಿ ಪುಣೆಯಲ್ಲಿಯೇ ಕಾಲವಾದರು.

ಹೆಲಿಕಾಪ್ಟರಿನ ಕೆಲಸವನ್ನು ಉಪಗ್ರಹಕ್ಕೆ ಒಪ್ಪಿಸಿದವರಲ್ಲಿ ನಮ್ಮ ಉಡುಪಿಯ ಸಮೀಪದ ಅದಮಾರಿನ ಯು. ಆರ್. ರಾವ್ ಅಗ್ರಗಣ್ಯರು. ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಆರ್ಯಭಟವು 1975ರ ಏಪ್ರಿಲ್ 19ರಂದು ಗಗನಕ್ಕೇರಿತು. ಭೂಮಿಯನ್ನು ನೋಡುವುದಕ್ಕೆಂದೇ ನಿರ್ಮಿತವಾದ ಭಾಸ್ಕರವು 1979ರ ಜೂನ್ 7ರಂದು ಹಾರಿತು. ಅದರ ಕ್ಯಾಮೆರಾಗಳಿಗೆ ಸುಮಾರು ಒಂದು ಕಿಲೋಮೀಟರಿಗಿಂತ ಸಣ್ಣದಾದುದು ಬೇರೆಯಾಗಿ ಕಾಣುತ್ತಿರಲಿಲ್ಲ. 1988ರ ಮಾರ್ಚ್ 17ರಂದು ಸೋವಿಯತ್ ದೇಶದ ಬೈಕನೂರಿನಿಂದ ಹೊರಟ ಐಆರ್‌ಎಸ್-1ಎ ಉಪಗ್ರಹವು 36 ಮೀಟರುಗಳಷ್ಟು ಸಣ್ಣ ನೆಲವನ್ನೂ ಗುರುತಿಸಬಲ್ಲುದಾಗಿದ್ದು, 22 ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾದುಹೋಗುತ್ತಿದ್ದಿತು. ಒಂದು ಕಿಲೋಮೀಟರಿನಿಂದ ಒಂದು ಹೊಲದ ಅಗಲದವರೆಗೆ ಆ ದೃಷ್ಟಿ ಸೂಕ್ಷ್ಮವಾದುದು ಒಂಬತ್ತೇ ವರ್ಷಗಳಲ್ಲಿ. ಆ ಕಾಲದಲ್ಲಿ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷ ಪೀಠದಲ್ಲಿದ್ದವರು ರಾಯರೇ.

ಕಾಣದ ಬೆಳಕಿನ ಸಾಕ್ಷ್ಯ

ಉಪಗ್ರಹದ ಕಣ್ಣು ನಮ್ಮ ಕಣ್ಣಿನಂತಲ್ಲ. ನಮಗೆ ಕಾಣುವ ಏಳು ಬಣ್ಣಗಳ ಆಚೆಗೂ ಬೆಳಕುಂಟು. ಆರೋಗ್ಯವಾದ ಎಲೆಯು ಕೆಂಪು ಬೆಳಕನ್ನು ತನ್ನ ಆಹಾರಕ್ಕಾಗಿ ಹೀರಿಕೊಂಡು, ಕೆಂಪಿನ ಪಕ್ಕದಲ್ಲಿಯೇ ಇರುವ, ನಮಗೆ ಕಾಣದ ಅವಕೆಂಪು ಕಿರಣವನ್ನು ಬಲವಾಗಿ ಹಿಂದಕ್ಕೆ ಚಿಮ್ಮಿಸುವುದು. ಎಲೆ ಬಾಡಿದಾಗ ಈ ಎರಡರ ಅಂತರವು ಕುಗ್ಗುವುದು. ಈ ಅಂತರವನ್ನು ಅಳೆದೇ ವಿಜ್ಞಾನಿಗಳು ಬೆಳೆಯ ಮತ್ತು ಅರಣ್ಯದ ಆರೋಗ್ಯವನ್ನು ಹೇಳುವರು. ಆಳವಾದ ನಿರ್ಮಲ ಜಲವಾದರೋ ಅವಕೆಂಪನ್ನು ಸಂಪೂರ್ಣವಾಗಿ ನುಂಗಿಬಿಡುವುದರಿಂದ ಆ ಚಿತ್ರದಲ್ಲಿ ಕಪ್ಪಾಗಿ ತೋರುವುದು. ಸಸ್ಯಗಳನ್ನು ಎದ್ದುಕಾಣಿಸಲು ಅವಕ್ಕೆ ಕೆಂಪು ಬಣ್ಣವನ್ನು ಕೊಡುವ ರೂಢಿಯಿರುವುದರಿಂದ, ಇಂಥ ಚಿತ್ರವನ್ನು ಮೊದಲ ಬಾರಿ ಕಂಡವರು ಕಾಡಿಗೆ ಬೆಂಕಿ ಬಿದ್ದಿದೆಯೆಂದು ಬೆಚ್ಚುವುದುಂಟು.

ಈ ಚಿತ್ರಗಳ ನಿಜವಾದ ಬೆಲೆ ಅವುಗಳ ಸೊಬಗಿನಲ್ಲಿಲ್ಲ, ಅವುಗಳ ಸಾತತ್ಯದಲ್ಲಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಪ್ರಥಮ ಉಪಗ್ರಹವು 1972ರ ಜುಲೈ 23ರಂದು ಹಾರಿದಂದಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿದ ದಾಖಲೆ ಬೆಳೆದುಬಂದಿದೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ 10 ಮೀಟರು ಸೂಕ್ಷ್ಮತೆಯಲ್ಲಿ ಸುಮಾರು 5 ದಿನಗಳಿಗೊಮ್ಮೆ ಒಂದೇ ಸ್ಥಳವನ್ನು ನೋಡುವುದು. ಗ್ರಾಮದ ಶಾನುಭೋಗನು ವರ್ಷಕ್ಕೊಮ್ಮೆ ಬರೆಯುತ್ತಿದ್ದ ಲೆಕ್ಕವನ್ನು ಈ ಶಾನುಭೋಗನು ಐದು ದಿನಗಳಿಗೊಮ್ಮೆ ಬರೆಯುತ್ತಿರುವನು. ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ, ಯಾರ ಮನೆಯ ಊಟವನ್ನೂ ಉಣ್ಣದೆ ಬರೆಯುತ್ತಿರುವನು.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದುಂಟು. 2008ರಲ್ಲಿ ಲ್ಯಾಂಡ್‌ಸ್ಯಾಟಿನ ಸಮಸ್ತ ಭಂಡಾರವನ್ನೂ ಲೋಕಕ್ಕೆ ಉಚಿತವಾಗಿ ತೆರೆದಿಡಲಾಯಿತು. ಸೆಂಟಿನೆಲಿನ ಚಿತ್ರಗಳೂ ಉಚಿತ. ನಮ್ಮ ದೇಶದಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2009ರಲ್ಲಿ ‘ಭುವನ್’ ಎಂಬ ಭೂಪಟದ ಭಂಡಾರವನ್ನು ತೆರೆಯಿತು; 2023ರ ಭಾರತೀಯ ಬಾಹ್ಯಾಕಾಶ ನೀತಿಯು 5 ಮೀಟರು ಮತ್ತು ಅದಕ್ಕಿಂತ ಸ್ಥೂಲವಾದ ಚಿತ್ರಗಳನ್ನು ಎಲ್ಲರಿಗೂ ಮುಕ್ತವಾಗಿ ಒದಗಿಸಬೇಕೆಂದು ವಿಧಿಸಿತು. ಒಂದು ಕಾಲದಲ್ಲಿ ಸೇನಾಪತಿಗಳು ಮಾತ್ರ ನೋಡುತ್ತಿದ್ದಂಥ ಚಿತ್ರವನ್ನು ಇಂದು ಅಫಜಲಪುರದ ರೈತನ ಮಗನು ತನ್ನ ದೂರವಾಣಿಯ ಪರದೆಯಲ್ಲಿ ನೋಡಬಹುದು.

ಮೇಲಿನಿಂದ ಕಂಡ ಪುಣೆ

ಹಾಗೆ ನೋಡಿದರೆ ಏನು ಕಾಣುವುದು? ಪುಣೆಯ ಹಳೆಯ ಮತ್ತು ಹೊಸ ಚಿತ್ರಗಳನ್ನು ಪಕ್ಕಪಕ್ಕದಲ್ಲಿರಿಸಿದರೆ ಮೊದಲು ಕಣ್ಣಿಗೆ ಬೀಳುವುದು ನಗರದ ಹಬ್ಬುವಿಕೆ. ಹಿಂಜವಡಿ, ಬಾಣೇರ, ವಾಕಡ, ಖರಾಡಿ, ವಾಘೋಲಿ ಮೊದಲಾದ ಎಡೆಗಳಲ್ಲಿ ಹೊಲಗದ್ದೆಗಳಿದ್ದ ಜಾಗವನ್ನು ಕಾಂಕ್ರೀಟಿನ ಬೂದುಬಣ್ಣವು ಆವರಿಸಿರುವುದು. 2011ರ ಜನಗಣತಿಯಲ್ಲಿಯೇ ಪುಣೆ ನಗರದ ಜನಸಂಖ್ಯೆ 31 ಲಕ್ಷವನ್ನೂ ಪಿಂಪ್ರಿ-ಚಿಂಚವಡದ ಜನಸಂಖ್ಯೆ 17 ಲಕ್ಷವನ್ನೂ ದಾಟಿದ್ದಿತು. ನಗರಸಭೆಯ ಎಲ್ಲೆಯೊಳಕ್ಕೆ 2017ರಲ್ಲಿ 11 ಗ್ರಾಮಗಳೂ 2021ರಲ್ಲಿ 23 ಗ್ರಾಮಗಳೂ ಸೇರಿದುವು.

ಬಣ್ಣ ಬದಲಾಯಿತೆಂದರೆ ನೀರಿನ ನಡೆಯೂ ಬದಲಾಯಿತೆಂದೇ ಅರ್ಥ. ಮಣ್ಣು ಮಳೆಯನ್ನು ಕುಡಿಯುವುದು; ಕಾಂಕ್ರೀಟು ಕುಡಿಯಲಾರದು. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಇಳಿದುಬರುವ ಆಂಬಿಲ್ ಓಢಾ ಎಂಬ ಹಳ್ಳವು ಉಕ್ಕಿ, ಇಕ್ಕೆಲಗಳ ವಸತಿಗಳನ್ನು ಹೊಕ್ಕು, ನಗರದಲ್ಲಿಯೂ ಸುತ್ತಮುತ್ತಲೂ 20ಕ್ಕೂ ಹೆಚ್ಚು ಜನರ ಪ್ರಾಣವನ್ನು ಅಪಹರಿಸಿತು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಪುಣೆ ಮುಳುಗಿದುದನ್ನು ಹಿರಿಯರು ಇಂದಿಗೂ ನೆನೆಯುವರು; ಅಂದು ಒಡೆದುದು ಅಣೆಕಟ್ಟು. 2019ರಲ್ಲಿ ಯಾವ ಅಣೆಕಟ್ಟೂ ಒಡೆಯಲಿಲ್ಲ. ಹಳ್ಳಕ್ಕೆ ಹರಿಯುವ ದಾರಿ ಉಳಿದಿರಲಿಲ್ಲ, ಅಷ್ಟೇ. ಹಳ್ಳದ ಹಳೆಯ ಹಾದಿ ಹೇಗಿತ್ತು, ಅದರ ಮಗ್ಗುಲು ಯಾವ ವರ್ಷ ಎಷ್ಟು ಕಿರಿದಾಯಿತು ಎಂಬುದಕ್ಕೆ ಉಪಗ್ರಹದ ಭಂಡಾರದಲ್ಲಿ ಸಾಕ್ಷ್ಯವುಂಟು.

ಎರಡನೆಯದಾಗಿ ಕಾಣುವುದು ಉಜನಿಯ ಹಿನ್ನೀರು. 1980ರಲ್ಲಿ ಪೂರ್ಣಗೊಂಡ ಈ ಜಲಾಶಯವು ಸುಮಾರು 117 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಪುಣೆಗೆ ನೀರುಣಿಸುವ ಖಡಕವಾಸಲಾ, ಪಾನಶೆತ್, ವರಸಗಾಂವ್, ಟೇಮಘರ್ ಎಂಬ ನಾಲ್ಕು ಜಲಾಶಯಗಳು ಒಟ್ಟುಗೂಡಿ ಹಿಡಿಯುವುದು ಸುಮಾರು 29 ಟಿ.ಎಂ.ಸಿ. ಎಂಬುದನ್ನು ನೆನೆದರೆ ಉಜನಿಯ ಗಾತ್ರವು ಮನದಟ್ಟಾಗುವುದು. ಬರಗಾಲದ ವರ್ಷಗಳಲ್ಲಿ ಅದರ ಕಪ್ಪು ಆಕೃತಿ ಕುಗ್ಗುತ್ತ ಬಂದು, ನೀರಿನಲ್ಲಿ ಮುಳುಗಿದ್ದ ಪಳಸದೇವದ ಪುರಾತನ ದೇವಾಲಯವು ಹೊರಗೆ ಕಾಣಿಸಿಕೊಳ್ಳುವುದು. ಭಿಗವಣದ ಬಳಿಯ ತೆಳುನೀರಿನಲ್ಲಿ ಚಳಿಗಾಲದಲ್ಲಿ ಬಂದಿಳಿಯುವ ರಾಜಹಂಸಗಳನ್ನು ನೋಡಲು ಪುಣೆಯ ಜನ ಹೋಗುವರು.

ಆದರೆ ಕಪ್ಪಾಗಿ ತೋರಬೇಕಾದ ನೀರು ಕೆಲವೊಮ್ಮೆ ಕಪ್ಪಾಗಿ ತೋರುವುದಿಲ್ಲ. ಪುಣೆ ಮತ್ತು ಪಿಂಪ್ರಿ-ಚಿಂಚವಡಗಳ ಮಲಿನಜಲವು ಪೂರ್ಣವಾಗಿ ಶುದ್ಧವಾಗದೆ ಕೆಳಗಿಳಿದು ಬಂದುದರ ಫಲವಾಗಿ ಅಲ್ಲಿ ಪಾಚಿಯೂ ಅಂತರಗಂಗೆಯೂ ಬೆಳೆಯುವುವು. ಅಂತರಗಂಗೆಯೂ ಸಸ್ಯವೇ ಆದುದರಿಂದ ನೀರಿನ ಮೇಲೆ ಕೆಂಪು ಕಂಬಳಿ ಹಾಸಿದಂತೆ ಚಿತ್ರದಲ್ಲಿ ಕಾಣುವುದು. ಮುಳಾ-ಮುಠಾಗಳನ್ನು ಶುದ್ಧಗೊಳಿಸಲು ಜಪಾನಿನ ಸಾಲದ ನೆರವಿನಿಂದ 11 ಶುದ್ಧೀಕರಣ ಕೇಂದ್ರಗಳನ್ನು ಕಟ್ಟುವ ಯೋಜನೆಗೆ 2016ರ ಜನವರಿಯಲ್ಲಿ ಒಪ್ಪಂದವಾಯಿತು. ಅಂಥ ಯೋಜನೆಯ ಸಾಫಲ್ಯವನ್ನು ಕಾಗದದ ವರದಿಯಿಂದ ಮಾತ್ರವಲ್ಲದೆ ಉಜನಿಯ ನೀರಿನ ಬಣ್ಣದಿಂದಲೂ ಪರೀಕ್ಷಿಸಬಹುದೆಂಬುದು ನಾಗರಿಕರಿಗೆ ದೊರೆತ ಹೊಸ ಬಲ.

ಮೋಡದ ತೆರೆ

ಇಷ್ಟು ಹೊಗಳಿದ ಮೇಲೆ ಮಿತಿಗಳನ್ನೂ ಹೇಳದಿದ್ದರೆ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗದು. ಈ ಕಣ್ಣಿಗೆ ಮೊದಲನೆಯ ಅಡ್ಡಿ ಮೋಡ. ಸಹ್ಯಾದ್ರಿಯಲ್ಲಿ ಯಾವ ತಿಂಗಳುಗಳಲ್ಲಿ ಅನಾಹುತಗಳು ಹೆಚ್ಚೋ, ಅದೇ ತಿಂಗಳುಗಳಲ್ಲಿ ಮೋಡಗಳು ಬೆಟ್ಟಗಳನ್ನು ಮುಚ್ಚಿರುವುವು.

2014ರ ಜುಲೈ 30ರ ಮುಂಜಾನೆ ಪುಣೆ ಜಿಲ್ಲೆಯ ಅಂಬೇಗಾಂವ್ ತಾಲೂಕಿನ ಮಾಳೀಣ ಗ್ರಾಮದ ಮೇಲೆ ಗುಡ್ಡ ಕುಸಿಯಿತು. 150ಕ್ಕೂ ಹೆಚ್ಚು ಜನ ಮಣ್ಣಿನಡಿಯಲ್ಲಿ ಅಸುನೀಗಿದರು. ಆಗ ಭೂಮಿಯ ಸುತ್ತ ಎಷ್ಟೋ ಉಪಗ್ರಹಗಳು ಸುತ್ತುತ್ತಿದ್ದುವು. ಆದರೆ ಹೊರಜಗತ್ತಿಗೆ ಮೊದಲ ಸುದ್ದಿಯನ್ನು ಮುಟ್ಟಿಸಿದವನು ಒಬ್ಬ ಬಸ್ಸಿನ ಚಾಲಕ. ಎಂದಿನಂತೆ ಆ ದಾರಿಯಲ್ಲಿ ಬಂದವನಿಗೆ ಊರಿರಬೇಕಾದೆಡೆಯಲ್ಲಿ ಊರೇ ಕಾಣಲಿಲ್ಲ. ಈ ಒಂದು ಘಟನೆಯು ನಮಗೆ ಎಷ್ಟೋ ಗ್ರಂಥಗಳಿಗಿಂತ ಹೆಚ್ಚಿನ ಪಾಠವನ್ನು ಕಲಿಸುವುದು. ಆಕಾಶದ ಕಣ್ಣು ಎಷ್ಟೇ ತೀಕ್ಷ್ಣವಾಗಿರಲಿ, ಆ ದಾರಿಯನ್ನು ದಿನವೂ ಬಲ್ಲವನ ಕಣ್ಣಿಗೆ ಅದು ಬದಲಿಯಲ್ಲ.

ಮೋಡವನ್ನು ಭೇದಿಸುವ ಉಪಾಯವೂ ಇಲ್ಲದಿಲ್ಲ. ರಡಾರ್ ಉಪಗ್ರಹವು ಸೂರ್ಯನ ಬೆಳಕಿಗಾಗಿ ಕಾಯದೆ ತಾನೇ ಅಲೆಗಳನ್ನು ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರವನ್ನು ರಚಿಸುವುದು. ಅದಕ್ಕೆ ಹಗಲು ರಾತ್ರಿಗಳ ಭೇದವಿಲ್ಲ, ಮೋಡದ ಗೊಡವೆಯಿಲ್ಲ. ಭಾರತವು 2012ರಲ್ಲಿ ರಿಸ್ಯಾಟ್-1ನ್ನೂ ಯೂರೋಪು 2014ರಲ್ಲಿ ಸೆಂಟಿನೆಲ್-1ನ್ನೂ ಹಾರಿಸಿದುವು. ಭಾರತ ಮತ್ತು ಅಮೆರಿಕಗಳು ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹವು 2025ರ ಜುಲೈ 30ರಂದು, ಮಾಳೀಣದ ದುರಂತಕ್ಕೆ ಸರಿಯಾಗಿ 11 ವರ್ಷ ತುಂಬಿದ ದಿನ, ಶ್ರೀಹರಿಕೋಟೆಯಿಂದ ಮೇಲೇರಿದುದು ಕೇವಲ ಆಕಸ್ಮಿಕ. ಆದರೂ ಅರ್ಥಪೂರ್ಣವಾದ ಆಕಸ್ಮಿಕ. 12 ದಿನಗಳ ಆವರ್ತನೆಯಲ್ಲಿ ಭೂಮಿಯನ್ನು ನೋಡುವಂತೆ ರೂಪಿಸಿರುವ ಈ ಉಪಗ್ರಹವು ನೆಲವು ಕೆಲವೇ ಸೆಂಟಿಮೀಟರುಗಳಷ್ಟು ಸರಿದರೂ ಗುರುತಿಸುವ ಸಾಮರ್ಥ್ಯವುಳ್ಳದ್ದು. ನಿಧಾನವಾಗಿ ಜಾರುವ ಬೆಟ್ಟಗಳನ್ನು ಮುಂಚಿತವಾಗಿ ಅರಿಯುವ ಆಸೆಯನ್ನು ಅದು ಹುಟ್ಟಿಸಿರುವುದು. ಆದರೆ ಒಂದೇ ರಾತ್ರಿಯ ಮಳೆಗೆ ಹಠಾತ್ತನೆ ಕುಸಿಯುವ ಗುಡ್ಡವು ಹನ್ನೆರಡು ದಿನ ಕಾಯುವುದಿಲ್ಲ. ಅಲ್ಲಿ ಮಳೆಮಾಪಕವೂ ನೆಲದ ಬಿರುಕನ್ನು ಕಂಡು ಕೂಗಿ ಹೇಳುವ ಹಳ್ಳಿಗನೂ ಬೇಕೇ ಬೇಕು.

ನೆಲದ ಸಾಕ್ಷಿ

ಎರಡನೆಯ ಮಿತಿಯು ಇನ್ನೂ ಸೂಕ್ಷ್ಮವಾದುದು. ಉಪಗ್ರಹವು ಕಿರಣವನ್ನು ಅಳೆಯುವುದೇ ಹೊರತು ವಸ್ತುವನ್ನಲ್ಲ. ಈ ಕೆಂಪು ಚುಕ್ಕೆ ಕಬ್ಬೋ, ಬಾಳೆಯೋ, ಹೊಳೆಯ ಕಳೆಯೋ ಎಂಬುದನ್ನು ನಿಶ್ಚಯಿಸಲು ಯಾರಾದರೂ ಅಲ್ಲಿಗೆ ಹೋಗಿ ನೋಡಿ ಬರೆಯಬೇಕು. ಇದನ್ನೇ ವಿಜ್ಞಾನಿಗಳು ನೆಲದ ಸತ್ಯವೆಂದು ಕರೆಯುವರು. ಇನ್ನೊಂದು ಉದಾಹರಣೆ. ಉಷ್ಣವನ್ನು ಗ್ರಹಿಸುವ ಚಿತ್ರದಲ್ಲಿ ಬೇಸಿಗೆಯ ಹಗಲಿನಲ್ಲಿ ಬೆಳೆಯಿಲ್ಲದ ಬೋಳು ಹೊಲವು ನಗರಕ್ಕಿಂತ ಹೆಚ್ಚು ಕಾದಂತೆ ತೋರುವುದುಂಟು. ಅದನ್ನು ಕಂಡು ನಗರವೇ ತಂಪೆಂದು ಹೇಳಿದರೆ ತಗಡಿನ ಚಾವಣಿಯ ಕೆಳಗೆ ರಾತ್ರಿ ಕಳೆಯುವ ಕೂಲಿಕಾರನು ನಕ್ಕಾನು. ಉಪಗ್ರಹವು ಅಳೆದುದು ಹಗಲಿನ ನೆಲದ ಬಿಸಿ. ಅವನು ಅನುಭವಿಸುವುದು ರಾತ್ರಿಯ ಗಾಳಿಯ ಬಿಸಿ. ಎರಡೂ ಸತ್ಯವೇ, ಆದರೆ ಒಂದನ್ನು ಇನ್ನೊಂದೆಂದು ಓದುವುದು ಅಸತ್ಯ.

ಜಗತ್ತಿನ ವಿಜ್ಞಾನದ ಇತಿಹಾಸದಲ್ಲಿಯೂ ಈ ಮಾತಿಗೆ ನಿದರ್ಶನವುಂಟು. ದಕ್ಷಿಣ ಧ್ರುವದ ಮೇಲಿನ ಓಜೋನ್ ಪದರವು ವಸಂತಕಾಲದಲ್ಲಿ ತೆಳುವಾಗುತ್ತಿರುವುದನ್ನು 1985ರಲ್ಲಿ ಮೊದಲು ಪ್ರಕಟಿಸಿದವರು ಬ್ರಿಟನ್ನಿನ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು. ಅವರು ಹ್ಯಾಲಿ ಎಂಬ ಹಿಮದ ಠಾಣೆಯಲ್ಲಿ ನೆಲದ ಮೇಲಿರಿಸಿದ ಹಳೆಯ ಮಾದರಿಯ ಉಪಕರಣದಿಂದ ವರ್ಷಾನುವರ್ಷ ನಡೆದ ಅಳತೆಗಳನ್ನು ನಂಬಿದರು. ಅದೇ ಆಕಾಶವನ್ನು 1978ರಿಂದ ನೋಡುತ್ತಿದ್ದ ನಿಂಬಸ್-7 ಉಪಗ್ರಹದ ದಾಖಲೆಯಲ್ಲಿಯೂ ಆ ಕುಸಿತವಿದ್ದಿತು. ಆದರೆ ಅಷ್ಟು ಕಡಿಮೆಯ ಅಂಕಿಗಳನ್ನು ಗಣಕಯಂತ್ರವು ಸಂದೇಹಾಸ್ಪದವೆಂದು ಗುರುತು ಹಾಕಿ ಬೇರೆಯಿರಿಸಿದ್ದಿತು. ನೆಲದ ಸಾಕ್ಷಿ ಹೊರಬಿದ್ದ ಮೇಲೆ ಉಪಗ್ರಹದ ದಾಖಲೆಯು ಆ ಗಾಯ ಒಂದು ಖಂಡದಷ್ಟು ವಿಸ್ತಾರವಾಗಿರುವುದೆಂಬುದನ್ನು ತೋರಿಸಿತು. ನೆಲದ ಉಪಕರಣವಿಲ್ಲದೆ ಉಪಗ್ರಹಕ್ಕೆ ಧೈರ್ಯವಿರಲಿಲ್ಲ. ಉಪಗ್ರಹವಿಲ್ಲದೆ ನೆಲದ ಉಪಕರಣಕ್ಕೆ ವ್ಯಾಪ್ತಿಯಿರಲಿಲ್ಲ. ಎರಡೂ ಕೂಡಿದ ಮೇಲೆಯೇ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಬಲ ಬಂದಿತು.

ನಕಾಶೆಯಿಂದ ಬಂದ ಎರಡು ಮಾತು

ಮೂರನೆಯ ಮಿತಿಯು ಯಂತ್ರದ್ದಲ್ಲ, ಮನುಷ್ಯನದು. ಚಿತ್ರವು ಇರುವುದನ್ನು ಹೇಳುವುದು, ಇರಬೇಕಾದುದನ್ನು ಹೇಳುವುದಿಲ್ಲ. ಪುಣೆಯಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿ ಪಶ್ಚಿಮಘಟ್ಟಗಳ ವರದಿಯನ್ನು ಸಲ್ಲಿಸಿತು. ಅದು ಘಟ್ಟಗಳನ್ನು ಸುಮಾರು 9 ಕಿಲೋಮೀಟರು ಚದರದ ಮನೆಗಳಾಗಿ ವಿಭಾಗಿಸಿ, ಸಮಗ್ರ ಘಟ್ಟಸಾಲನ್ನೇ ಸೂಕ್ಷ್ಮಪ್ರದೇಶವೆಂದೆಣಿಸಿ ಮೂರು ದರ್ಜೆಗಳನ್ನು ಮಾಡಿತು. ತೀರ್ಮಾನದಲ್ಲಿ ಗ್ರಾಮಸಭೆಗಳ ಮಾತಿಗೆ ಪ್ರಾಶಸ್ತ್ಯವಿರಬೇಕೆಂದಿತು. ಆ ಬಳಿಕ ಕೆ. ಕಸ್ತೂರಿರಂಗನ್ನರ ಸಮಿತಿಯು 2013ರಲ್ಲಿ ಬೇರೆ ವರದಿಯನ್ನಿತ್ತಿತು. ಭಾಸ್ಕರ ಮತ್ತು ಐಆರ್‌ಎಸ್-1ಎ ಯೋಜನೆಗಳ ನಿರ್ದೇಶಕರಾಗಿದ್ದ ಅವರು ಭಾರತೀಯ ಉಪಗ್ರಹದ 24 ಮೀಟರು ಸೂಕ್ಷ್ಮತೆಯ ಚಿತ್ರಗಳನ್ನಾಧರಿಸಿ, ಸಹಜ ನಿಸರ್ಗವುಳಿದ ಭಾಗವನ್ನೂ ಜನವಸತಿ ಕೃಷಿಗಳ ಭಾಗವನ್ನೂ ಬೇರ್ಪಡಿಸಿ, ಘಟ್ಟಗಳ ಸುಮಾರು 37 ಪ್ರತಿಶತವನ್ನು, ಎಂದರೆ ಸುಮಾರು 60,000 ಚದರ ಕಿಲೋಮೀಟರನ್ನು ಮಾತ್ರ ರಕ್ಷಣೆಗೆ ಸೂಚಿಸಿದರು.

ಬೆಟ್ಟಗಳು ಅವೇ, ತೀರ್ಪುಗಳು ಎರಡು. ಅನಂತರದ ಕಥೆ ಸರ್ವವಿದಿತ. 2024ರ ಜುಲೈ 30ರಂದು ವಯನಾಡಿನಲ್ಲಿ ಭೀಕರ ಭೂಕುಸಿತವಾಯಿತು; ಮರುದಿನವೇ ಕೇಂದ್ರ ಸರಕಾರದ ಆರನೆಯ ಕರಡು ಪ್ರಕಟಣೆ ಹೊರಟಿತು. ಆರು ರಾಜ್ಯಗಳ 56,825 ಚದರ ಕಿಲೋಮೀಟರುಗಳಲ್ಲಿ ಕರ್ನಾಟಕದ ಪಾಲು 20,668, ಮಹಾರಾಷ್ಟ್ರದ ಪಾಲು 17,340. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ನಿರಾಕರಿಸಿತು. ತೋಟದ ರೈತನ ಭಯವೂ ಸುಳ್ಳಲ್ಲ, ಕುಸಿಯುವ ಬೆಟ್ಟದ ಭಯವೂ ಸುಳ್ಳಲ್ಲ. ಈ ವಿವಾದವನ್ನು ಇತ್ಯರ್ಥಗೊಳಿಸುವುದು ಉಪಗ್ರಹದಿಂದ ಸಾಧ್ಯವಿಲ್ಲ. ಜನರು ತಾವೇ ಆ ಚಿತ್ರಗಳನ್ನು ಓದಲು ಕಲಿತರೆ, ತಮ್ಮ ಊರಿನ ಬಗ್ಗೆ ದೂರದವರು ಎಳೆದ ಗೆರೆಯನ್ನು ಒಪ್ಪಲೂ ತಿದ್ದಲೂ ಅವರಿಗೆ ಅಧಿಕಾರ ಬರುವುದು. ಓದಲು ಬಾರದವನಿಗೆ ಒಪ್ಪಿಗೆಯೂ ಇಲ್ಲ, ತಿದ್ದುಪಡಿಯೂ ಇಲ್ಲ, ಹೆದರಿಕೆಯೊಂದೇ ಉಳಿಯುವುದು.

ಎರಡು ದಡದ ಬಂಧುಗಳು

ಈಗ ಪುನಃ ಭೀಮೆಗೆ ಬರೋಣ. 2020ರ ಅಕ್ಟೋಬರಿನಲ್ಲಿ ಬಂಗಾಳ ಉಪಸಾಗರದಿಂದೆದ್ದ ವಾಯುಭಾರ ಕುಸಿತವು ದಖ್ಖಣವನ್ನು ದಾಟಿ ಬಂದು ಪುಣೆ, ಸೊಲ್ಲಾಪುರ ಜಿಲ್ಲೆಗಳಲ್ಲಿಯೂ ಕಲ್ಯಾಣ ಕರ್ನಾಟಕದಲ್ಲಿಯೂ ಧಾರಾಕಾರ ಮಳೆ ಸುರಿಸಿತು. ಉಜನಿಯಿಂದಲೂ ನೀರಾ ನದಿಯ ವೀರ ಜಲಾಶಯದಿಂದಲೂ ಹೊರಬಿಟ್ಟ ನೀರು ಸೇರಿ ಭೀಮೆಯು ಉಕ್ಕಿದಳು. ಇಂಡಿ, ಅಫಜಲಪುರ ಮೊದಲಾದ ತಾಲೂಕುಗಳ ನದೀತೀರದ ಹಳ್ಳಿಗಳು ಜಲಾವೃತವಾಗಿ, ಸಾವಿರಾರು ಜನ ಮನೆಮಠ ತೊರೆದು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಹೊಲದಲ್ಲಿ ನಿಂತಿದ್ದ ತೊಗರಿ ಹತ್ತಿಗಳ ಗತಿಯನ್ನು ನೆನೆದರೆ ಕರುಳು ಕಿವಿಚುವುದು.

ನೆರೆಯು ಅಣೆಕಟ್ಟಿನ ಬಾಗಿಲು ತೆರೆದ ಗಳಿಗೆಯಲ್ಲಿಯೇ ಕೆಳಗಿನ ಹಳ್ಳಿಯನ್ನು ಮುಟ್ಟುವುದಿಲ್ಲ, ನಡುವೆ ಸಮಯವುಂಟು. ಆ ಸಮಯವೇ ಪ್ರಾಣ. ಮೇಲಿನ ಜಲಾನಯನದಲ್ಲಿ ಎಷ್ಟು ಮೋಡ ಕವಿದಿದೆ ಎಂಬುದನ್ನು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಂತಿರುವ ಇನ್ಸ್ಯಾಟ್ ಉಪಗ್ರಹವು ಅರ್ಧ ಗಂಟೆಗೊಮ್ಮೆ ತೋರಿಸುವುದು. ನೆರೆ ಎಲ್ಲಿಯವರೆಗೆ ಹರಡಿತೆಂಬುದನ್ನು ರಡಾರ್ ಉಪಗ್ರಹವು ಮೋಡದಡಿಯಿಂದಲೂ ತೋರಿಸುವುದು. ಎಷ್ಟು ನೀರು ಬಿಟ್ಟರೆಂಬುದನ್ನು ಅಣೆಕಟ್ಟಿನ ಅಧಿಕಾರಿಗಳು ಪ್ರಕಟಿಸುವರು. ಈ ಮೂರನ್ನೂ ಕೂಡಿಸಿ, ತೀರದ ಹಳ್ಳಿಯವನಿಗೆ ಅವನ ಭಾಷೆಯಲ್ಲಿ, ಅವನ ಊರಿನ ಗುರುತುಗಳಿಂದ ತಿಳಿಸುವ ಕೊಂಡಿಯು ದುರ್ಬಲವಾಗಿರುವುದು. ಇಷ್ಟು ಕ್ಯೂಸೆಕ್ಕು ನೀರು ಎಂದರೆ ಅವನಿಗೆ ಅರ್ಥವಾಗದು. ಹನುಮಂತನ ಗುಡಿಯ ಕಟ್ಟೆಯವರೆಗೆ ಬಂದೀತೆಂದರೆ ಕೂಡಲೆ ದನಗಳನ್ನು ಬಿಚ್ಚುವನು. ಸರಕಾರದ ಎಚ್ಚರಿಕೆಯನ್ನು ಕಾಯುವುದು ಅಗತ್ಯವೇ; ಅದರ ಜೊತೆಗೆ ಪುಣೆಯಲ್ಲಿರುವ ಬಂಧುವು ಮರಾಠಿಯ ಪ್ರಕಟಣೆಯನ್ನು ಓದಿ ಊರಿಗೆ ಕನ್ನಡದಲ್ಲಿ ತಿಳಿಸುವುದೂ ಒಂದು ಸೇವೆ.

ಇಲ್ಲಿ ಪುಣೆಯ ಕನ್ನಡಿಗರಿಗೆ ವಿಶೇಷ ಸೌಕರ್ಯವುಂಟು. ಇಲ್ಲಿನ ಭಾಷೆ ನಮಗೆ ಬರುವುದು. ಅಲ್ಲಿನ ಭಾಷೆ ನಮ್ಮದೇ. ನೀರಿನ ನಡೆಯನ್ನು 1916ರಿಂದ ಅಭ್ಯಸಿಸುತ್ತಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವು ಇಲ್ಲಿಯ ಖಡಕವಾಸಲೆಯಲ್ಲಿಯೇ ಇರುವುದು. ಹವಾಮಾನದ ಕಚೇರಿಗಳು ಇಲ್ಲಿವೆ. ಗಣಕಯಂತ್ರವನ್ನು ಬಲ್ಲ ನಮ್ಮ ತರುಣರು ಇಲ್ಲಿರುವರು. ನಮ್ಮ ಸಲಹೆ ಸರಳವಾದುದು. ನಮ್ಮ ಸಂಘಗಳೂ ಶಾಲೆಗಳೂ ತಿಂಗಳಿಗೊಮ್ಮೆ ಉಜನಿಯ ಹಿನ್ನೀರಿನ ಮತ್ತು ಭೀಮೆಯ ಉಚಿತ ಚಿತ್ರಗಳನ್ನು ತೆಗೆದಿರಿಸಿಕೊಳ್ಳಲಿ. ಅದೇ ವಾರದಲ್ಲಿ ಹಿನ್ನೀರಿನ ಮೀನುಗಾರನಾಗಲಿ, ಸೊನ್ನದ ಬ್ಯಾರೇಜಿನ ಬಳಿಯ ರೈತನಾಗಲಿ, ಗಾಣಗಾಪುರದ ಸಂಗಮದಲ್ಲಿ ಮಿಂದ ಯಾತ್ರಿಕನಾಗಲಿ ನೀರು ಹೇಗಿತ್ತೆಂದು ಹೇಳಿದ ಎರಡು ಮಾತನ್ನು ಅದರ ಪಕ್ಕದಲ್ಲಿ ಬರೆದಿಡಲಿ. ನಾಲ್ಕೈದು ವರ್ಷಗಳಲ್ಲಿ ಅದು ಯಾವ ಕಚೇರಿಯಲ್ಲಿಯೂ ದೊರೆಯದ ದಾಖಲೆಯಾಗುವುದು. ಮುಂದೆ ಎಂದಾದರೂ ನದಿ ಕೆಟ್ಟಿಲ್ಲವೆಂದು ಯಾರಾದರೂ ವಾದಿಸಿದರೆ, ಅಥವಾ ನದಿ ಸುಧಾರಿಸಿತೆಂಬ ಶುಭವಾರ್ತೆಯನ್ನು ಯಾರಾದರೂ ತಂದರೆ, ಎರಡನ್ನೂ ಒರೆಗೆ ಹಚ್ಚಲು ಅದು ಸಾಕು.

ಪುಣೆಯಿಂದ ಹೊರಟ ರೈಲು ದೌಂಡ, ಸೊಲ್ಲಾಪುರ, ಕಲಬುರಗಿ, ಯಾದಗಿರಿಗಳ ಮಾರ್ಗವಾಗಿ ನಮ್ಮವರನ್ನು ಊರಿಗೆ ಒಯ್ಯುವುದು. ಹಬ್ಬಕ್ಕೆ ಹೋಗುವವರು ಮಕ್ಕಳಿಗೆ ಬಟ್ಟೆಬರೆಗಳನ್ನೂ ತಿಂಡಿತಿನಿಸುಗಳನ್ನೂ ಕಟ್ಟಿಕೊಂಡು ಹೋಗುವರು. ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಭೀಮೆಯೂ ಹೋಗುವಳು, ನಾವು ಕೊಟ್ಟುದನ್ನು ಹೊತ್ತುಕೊಂಡು ಹೋಗುವಳು. ಅವಳ ಕೈಯಲ್ಲಿ ನಾವು ಏನನ್ನು ಕಳುಹಿಸುತ್ತಿರುವೆವೆಂಬುದನ್ನು ಮುಚ್ಚಿಡುವ ಕಾಲ ಮುಗಿದಿರುವುದು. ಆಕಾಶದ ಕಣ್ಣು ಅದನ್ನು ಬರೆದಿಟ್ಟುಕೊಳ್ಳುತ್ತಿರುವುದು. ಬರೆದಿಟ್ಟುದನ್ನು ಓದುವ ಕೆಲಸವು ಮಾತ್ರ ನೆಲದ ಮೇಲಿರುವ ನಮ್ಮದು.